ಮೂಕಿಚಿತ್ರದ ‘ವ್ಯಾಂಪ್’ ಕಾಮಿಡಿ ಆಗ್ತಾ ಉಂಟು, ತಪ್ಪು ಎಲ್ಲಿ?

ಮಣಿಪಾಲ_ರೀಲು: ಕಾಲೇಜು ಹಬ್ಬಕ್ಕೆ 6 ನಿಮಿಷದ ಮೂಕಿಚಿತ್ರ. 1915ರ ಸುಮಾರಿನ ‘ವ್ಯಾಂಪ್’, ಅಂದರೆ ವಿಷಕನ್ಯೆಯಂಥ ಪಾತ್ರ. ಮೊಬೈಲಲ್ಲಿ ತೆಗೆದು ಕಪ್ಪುಬಿಳುಪು ಮಾಡಿದರೆ ತುಟಿ ಬೂದು, ಕಣ್ಣು ಸಪ್ಪೆ. ಹಳೇ ಕಾಲದ್ದು ಅನ್ನಿಸಲಿ ಅಂತ ವೇಗ ಹೆಚ್ಚಿಸಿದರೆ ನೋಡಿದವರೆಲ್ಲ ನಗ್ತಾರೆ. ಎಂತ ಮಾಡುವುದು?

ಹಂಪನಕಟ್ಟೆ: ಮೊದಲು ಆ ವೇಗ ತೆಗೀರಿ ಮಾರಾಯ್ರೆ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸಿ ಸೆಕೆಂಡಿಗೆ ಹೆಚ್ಚುಕಮ್ಮಿ 16ರಿಂದ 20 ಫ್ರೇಮ್ ತೆಗೀತಿದ್ದರು. 18ರದ್ದನ್ನು 24ರಲ್ಲಿ ಓಡಿಸಿದರೆ ಮೂರನೇ ಒಂದು ಪಾಲು ವೇಗ ಜಾಸ್ತಿ. ಕುಣಿದಾಡುವ ನಡಿಗೆ ಬಂದದ್ದು ಅಲ್ಲಿಂದ, ನಟನೆಯಿಂದಲ್ಲ.

ತುಟಿಗೆ ಕಾರಣ ಬೇರೆ. ಆಗಿನ ಆರ್ಥೊಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪೆಲ್ಲ ಕಪ್ಪು, ತಿಳಿನೀಲಿ ಬಿಳಿ. ಎಡಿಟಿಂಗ್ ಆ್ಯಪಿನ ಚಾನೆಲ್ ಮಿಕ್ಸರಿನಲ್ಲಿ (ಕಪ್ಪುಬಿಳುಪಿಗೆ ಯಾವ ಬಣ್ಣ ಎಷ್ಟು ಸೇರಬೇಕು ಅಂತ ಹೊಂದಿಸುವ ಜಾಗ) ಕೆಂಪು 0, ಹಸಿರು 50, ನೀಲಿ 50 ಇಟ್ಟು ಶುರುಮಾಡಿ. ಹಳದಿ ಬಲ್ಬ್ ಬೇಡ, ಅದರಲ್ಲಿ ನೀಲಿ ಕಡಿಮೆ, ಚಿತ್ರ ಕಾಳುಕಾಳಾಗುತ್ತದೆ. ಕಿಟಕಿಯ ಹಗಲು ಬೆಳಕು ಸಾಕು.

ಮಣಿಪಾಲ_ರೀಲು: ಮಾಡಿದೆ. ತುಟಿ ಸರಿಯಾಯ್ತು, ಮುಖವೂ ಕಪ್ಪಾಯ್ತು!

ಹಂಪನಕಟ್ಟೆ: ಆಗಲೇಬೇಕು, ಚರ್ಮದಲ್ಲೂ ಕೆಂಪುಂಟಲ್ಲ. ಆ ಕಾಲದವರು ದಪ್ಪಗೆ ತಿಳಿಬಣ್ಣ ಬಳಿಯುತ್ತಿದ್ದದ್ದು ಅದಕ್ಕೇ. ನೀವು ಕೆಂಪನ್ನು 15ಕ್ಕೆ ಏರಿಸಿ, ಹಸಿರು 45, ನೀಲಿ 40, ತುಟಿಗೆ ಕಡುಮೆರೂನ್. ಕಾಡಿಗೆ ರೆಪ್ಪೆಯ ಮೇಲೂ ಕೆಳಗೂ, ಅಂಚು ಬೆರಳಲ್ಲಿ ತೀಡಿ.

ಕಡಿಯಾಳಿ: ಬಣ್ಣಕ್ಕಿಂತ ಚಲನೆ ಮುಖ್ಯ. 1915ರ ‘ಎ ಫೂಲ್ ದೇರ್ ವಾಸ್’ ನೋಡಿ. ಹಳೇ ಪ್ರೇಮಿ ಹಡಗಿನಲ್ಲಿ ಪಿಸ್ತೂಲು ಹಿಡಿದರೆ ವ್ಯಾಂಪ್ ಆದ ನಟಿ ತೀಡಾ ಬಾರಾ ಓಡುವುದಿಲ್ಲ, ಚೀರುವುದಿಲ್ಲ. ಗುಲಾಬಿಯಿಂದ ಅದನ್ನು ಸರಿಸುತ್ತಾಳೆ. ಅವನು ತನಗೇ ಗುಂಡು ಹಾರಿಸಿಕೊಳ್ಳುತ್ತಾನೆ. ಸುತ್ತಲಿನವರು ಚಡಪಡಿಸಲಿ, ಇವಳು ನಿಧಾನ. ಹುಬ್ಬು ಕುಣಿಸಿದರೆ ಕೆಟ್ಟಿತು.

ನಮ್ಮವರಿಗೆ ಯಕ್ಷಗಾನದ ಮಾತಲ್ಲಿ ಹೇಳುವುದಾದರೆ ಸುಂದರಿಯಾಗಿ ಬರುವ ಮಾಯಾ ಶೂರ್ಪನಖಿ ಬೇಕು, ಘೋರ ಶೂರ್ಪನಖಿ ಅಲ್ಲ. ಹೆಣ್ಣುಬಣ್ಣದ (ರಾಕ್ಷಸಿ ವೇಷದ) ಅಬ್ಬರವನ್ನು ಕ್ಲೋಸಪ್ಪು ತಡೆಯುವುದಿಲ್ಲ.

ತೀಡಾ ಬಾರಾ ‘ಸಹಾರಾದ ಮರಳಲ್ಲಿ ಹುಟ್ಟಿದವಳು’ ಅನ್ನುವುದು ಬರೀ ಸ್ಟುಡಿಯೋ ಪ್ರಚಾರ. ಆಕೆ ಸಿನ್ಸಿನ್ನಾಟಿಯ ಥಿಯೊಡೋಸಿಯಾ ಗುಡ್‌ಮನ್. ಹಾಗಾಗಿ ಅರಬ್ ವೇಷ, ಹಾವಿನ ಬಳೆ ಕಡ್ಡಾಯ ಏನಲ್ಲ. ಆಕೆಯ ಹೆಚ್ಚಿನ ಚಿತ್ರಗಳು ಈಗಿಲ್ಲ, 1937ರಲ್ಲಿ ಫಾಕ್ಸ್ ಸ್ಟುಡಿಯೋದ ಉಗ್ರಾಣದಲ್ಲಿದ್ದ, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿಗೆ ಬೆಂಕಿಬಿತ್ತು. ಆಕೆಯ ‘ಕ್ಲಿಯೋಪಾತ್ರಾ’ ಚಿತ್ರದ್ದು ಸ್ಟಿಲ್ಲುಗಳೂ ಕೆಲವು ತುಣುಕುಗಳೂ ಮಾತ್ರ. ಸ್ಟಿಲ್ ನೋಡಿ ನಟನೆ ಕಲಿಯಬೇಡಿ, ಅದು ಫೋಟೋಗೆ ಕೊಟ್ಟ ಪೋಸು.

ಬಿಜೈ: ಒಂದು ಸೇರಿಸ್ತೇನೆ. ಬಾಬ್ ಕಟ್, ಸಿಗರೇಟು ಬೆರೆಸಬೇಡಿ. ಅದು 1927ರ ‘ಸನ್‌ರೈಸ್’ನ ಪಟ್ಟಣದ ಹೆಣ್ಣಿನ ಕಾಲ, ಅಷ್ಟರಲ್ಲಿ ಕೆಂಪನ್ನೂ ಹಿಡಿಯುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮು ಬಂದಿತ್ತು. ಮತ್ತೆ ದೃಶ್ಯಗಳ ನಡುವಿನ ಬರಹದ ಕಾರ್ಡು: ನಿಧಾನಕ್ಕೆ ಎರಡು ಸಲ ಓದುವಷ್ಟು ಹೊತ್ತು ಇಡಿ. 6 ನಿಮಿಷಕ್ಕೆ ಐದಾರು ಕಾರ್ಡು ಧಾರಾಳ.