‘ಪರಿಶೀಲನೆ’, ‘ಮೇಲ್ನೋಟ’, ‘ಬೋಧನಾಭ್ಯಾಸ’: ಕಾಸರಗೋಡಿನಿಂದ ಒಂದು ಪದವಿಚಾರ

ಅಧ್ಯಾಪಕರಾಗಲು ಓದುತ್ತಿರುವವರು ಶಾಲೆಯೊಂದರ ತರಗತಿಯೊಳಗೆ ನಿಂತು, ಅನುಭವಸ್ಥರ ಕಣ್ಣೆದುರಿನಲ್ಲಿ, ನಿಜವಾದ ಮಕ್ಕಳಿಗೆ ಪಾಠ ಮಾಡಿ ಕಲಿಯುವ ಕ್ರಮವನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಸರಿ ಎಂಬುದು ನನ್ನ ಪ್ರಶ್ನೆ. ಕುಂಬಳೆ ಸೀಮೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಕಲಿಸುವ ನನಗೆ ಈ ಪ್ರಶ್ನೆ ಎದುರಾದದ್ದು, ತರಬೇತಿಯ ತಂಡವೊಂದು ನಮ್ಮ ಶಾಲೆಗೆ ಬಂದಾಗ ಅವರ ಕೈಯಲ್ಲಿದ್ದ ಕನ್ನಡ ಪತ್ರದ ಒಂದು ವಾಕ್ಯದಿಂದ. ಅದು ಹೀಗಿತ್ತು: ‘ಅಧ್ಯಾಪಕ ವಿದ್ಯಾರ್ಥಿಗಳ ಪರಿಶೀಲನೆಯು ತರಗತಿಯ ಅಧ್ಯಾಪಕರ ಮೇಲ್ನೋಟದಲ್ಲಿ ನಡೆಯತಕ್ಕದ್ದು.’

ಮಲಯಾಳ ಬಲ್ಲ ಕಾಸರಗೋಡಿನವರಿಗೆ ಇದರ ಉದ್ದೇಶ ಕೂಡಲೇ ತಿಳಿಯುತ್ತದೆ. ಮಲಯಾಳದಲ್ಲಿ ‘ಪರಿಶೀಲನಂ’ ಎಂದರೆ ತರಬೇತಿ, ‘ಮೇಲ್‌ನೋಟ್ಟಂ’ ಎಂದರೆ ಮೇಲ್ವಿಚಾರಣೆ. ಮೂಲ ಮಲಯಾಳ ವಾಕ್ಯ ನಿರ್ದುಷ್ಟವಾದದ್ದು. ತರಬೇತಿಯು ಮೇಲ್ವಿಚಾರಣೆಯಲ್ಲಿ ನಡೆಯಬೇಕು ಎಂಬುದೇ ಅದರ ತಾತ್ಪರ್ಯ. ಆದರೆ ಅಕ್ಷರ ಬದಲಾಗಿ ಅರ್ಥ ಬದಲಾಗದೆ ಉಳಿದೀತೆಂದು ನಂಬಿ ಬರೆದ ಈ ಕನ್ನಡ ವಾಕ್ಯವನ್ನು ಪುತ್ತೂರಿನವರೋ ಧಾರವಾಡದವರೋ ಓದಿದರೆ, ಅಧ್ಯಾಪಕ ವಿದ್ಯಾರ್ಥಿಗಳನ್ನು ತಪಾಸಣೆ ಮಾಡಬೇಕು, ಅದನ್ನೂ ಆಳಕ್ಕೆ ಇಳಿಯದೆ ಮಾಡಬೇಕು ಎಂದು ಅರ್ಥೈಸುತ್ತಾರೆ. ಕನ್ನಡದಲ್ಲಿ ಅರ್ಜಿಯನ್ನು ಪರಿಶೀಲಿಸುತ್ತೇವೆ, ದಾಖಲೆಯನ್ನು ಪರಿಶೀಲಿಸುತ್ತೇವೆ. ‘ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ’ ಎಂದೊಡನೆ ಒಳಗೆ ಬೇರೇನೋ ಇದೆ ಎಂಬ ಎಚ್ಚರಿಕೆಯೂ ಅದರ ಜೊತೆಗೇ ಬರುತ್ತದೆ. ಒಂದೇ ವಾಕ್ಯದಲ್ಲಿ ಎರಡು ಪದಗಳು ಹೀಗೆ ಬುಡಮೇಲಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಪರಿಶೀಲನ’ ಶಬ್ದದ ಸಂಸ್ಕೃತಾರ್ಥವನ್ನು ನೋಡಿದರೆ ಮಲಯಾಳವನ್ನು ತಪ್ಪೆನ್ನಲಾಗದು. ‘ಶೀಲ್’ ಧಾತುವಿಗೆ ಮತ್ತೆ ಮತ್ತೆ ಮಾಡು, ರೂಢಿಸಿಕೊಳ್ಳು ಎಂಬ ಅರ್ಥವಿದೆ. ಬಿಡದೆ ತೊಡಗಿಕೊಂಡಿರುವುದೇ ಪರಿಶೀಲನ. ಮಲಯಾಳವು ಈ ರೂಢಿಯ ಕಡೆಯನ್ನು ಹಿಡಿದುಕೊಂಡಿತು, ಕನ್ನಡವು ತೊಡಗಿ ನೋಡುವ ಕಡೆಯನ್ನು ಹಿಡಿದುಕೊಂಡಿತು. ‘ಮೇಲ್ನೋಟ’ದ ಕಥೆ ಇನ್ನೂ ಹತ್ತಿರದ್ದು, ಏಕೆಂದರೆ ಎರಡೂ ಭಾಷೆಗಳಲ್ಲಿ ಅದು ‘ಮೇಲ್’ ಮತ್ತು ‘ನೋಟ’ ಎಂಬ ಅಚ್ಚ ದ್ರಾವಿಡ ಪದಗಳಿಂದಲೇ ಆದದ್ದು. ಅವರಲ್ಲಿ ‘ಮೇಲ್’ ಎಂದರೆ ಮೇಲಿನಿಂದ, ಅಂದರೆ ಹೊಣೆ ಹೊತ್ತವನ ಸ್ಥಾನದಿಂದ ನೋಡುವುದು; ನಮ್ಮಲ್ಲಿ ಮೇಲ್ಮೈಯನ್ನಷ್ಟೇ ನೋಡುವುದು. ‘ಮೇಲೆ’ ಎಂಬುದು ನೋಡುವವನಿಗೆ ಅಂಟಿದೆಯೋ ನೋಡಲ್ಪಡುವ ವಸ್ತುವಿಗೆ ಅಂಟಿದೆಯೋ ಎಂಬಷ್ಟರಿಂದಲೇ ಅರ್ಥ ಇಷ್ಟು ದೂರ ಸರಿದಿದೆ.

ಇದೇ ಜಾತಿಗೆ ಸೇರುವ ಇನ್ನೊಂದು ಪದ ‘ನಿರೀಕ್ಷಣ’. ಮಲಯಾಳದಲ್ಲಿ ಅದು ಗಮನಿಸಿ ನೋಡುವುದು. ಕನ್ನಡದ ಕಿವಿಗೆ ಅದು ‘ನಿರೀಕ್ಷೆ’ಯಾಗಿ ಕೇಳುವುದರಿಂದ ‘ವೀಕ್ಷಣೆ’ ಅಥವಾ ‘ಅವಲೋಕನ’ ಎಂದು ಬರೆಯುವುದು ಒಳ್ಳೆಯದು.

ಪದ ತಪ್ಪಿದರೂ ಕೆಲಸ ನಡೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಮೂರನೆಯ ತರಗತಿಯಲ್ಲಿ ನಡೆದದ್ದನ್ನು ಅವರಿಗಾಗಿ ಹೇಳುತ್ತೇನೆ. ತರಬೇತಿಯ ಯುವತಿಯೊಬ್ಬಳು ಮಳೆಯ ಬಗ್ಗೆ ಪಾಠ ಆರಂಭಿಸಿದ್ದಳು. ಅವಳ ಗುರುಗಳು ಹಿಂದಿನ ಬೆಂಚಿನ ಮೂಲೆಯಲ್ಲಿ, ಮಕ್ಕಳ ಚೀಲಗಳನ್ನು ಸರಿಸಿ, ಮೊಣಕಾಲ ಮೇಲೆ ಅವಲೋಕನ ಪುಸ್ತಕವನ್ನಿಟ್ಟುಕೊಂಡು ಕುಳಿತಿದ್ದರು. ಮುಂದಿನ ಸಾಲಿನ ಹುಡುಗನೊಬ್ಬ ಎರಡು ಮೂರು ಸಲ ಹಿಂದಿರುಗಿ ನೋಡಿ, ಕೊನೆಗೆ ಎದ್ದು ನಿಂತು, ‘ಟೀಚರೇ, ಆ ಸಾರ್ ನಿಮ್ಮನ್ನು ಪರಿಶೀಲಿಸಲಿಕ್ಕೆ ಬಂದದ್ದಾ?’ ಎಂದು ಕೇಳಿದ. ಶಾಲೆಯ ಫಲಕದಲ್ಲಿ ಆ ವಾರದ ಕಾರ್ಯಕ್ರಮವಾಗಿ ‘ಪರಿಶೀಲನೆ’ ಎಂದು ಬರೆದದ್ದನ್ನು ಅವನು ಓದಿದ್ದ; ಅವನ ಮನೆಮಾತು ಕನ್ನಡ. ಆ ಯುವತಿಯ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆಯೇ ನಿಂತಿತು. ಆ ಬಳಿಕದ ಪಾಠವನ್ನು ಅವಳು ಮಕ್ಕಳ ಮುಖ ನೋಡಿ ಮಾಡಲಿಲ್ಲ, ಹಿಂದಿನ ಬೆಂಚಿನ ಮುಖ ನೋಡಿ ಮಾಡಿದಳು. ಹುಡುಗನ ಪ್ರಶ್ನೆ ಕನ್ನಡದ ಮಟ್ಟಿಗೆ ಪೂರ್ಣ ಸರಿಯಾಗಿತ್ತು. ತಪ್ಪಿದ್ದುದು ನಾವು ಫಲಕದಲ್ಲಿ ಬರೆದ ಪದ.

ಕನ್ನಡದ ನುಡಿಗಟ್ಟುಗಳು ಈ ಸಂದರ್ಭವನ್ನು ಎಷ್ಟು ಸೂಕ್ಷ್ಮವಾಗಿ ಬೇರ್ಪಡಿಸುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು. ಅಧ್ಯಾಪಕ ಪಾಠ ಮಾಡುತ್ತಾನೆ ಅಥವಾ ಪಾಠ ಹೇಳುತ್ತಾನೆ. ವಿದ್ಯಾರ್ಥಿ ಪಾಠ ಒಪ್ಪಿಸುತ್ತಾನೆ. ತರಬೇತಿಯಲ್ಲಿರುವವರು ಆ ನಲವತ್ತು ನಿಮಿಷಗಳಲ್ಲಿ ಎದುರಿನ ಮಕ್ಕಳಿಗೆ ಪಾಠ ಮಾಡುತ್ತ, ಹಿಂದೆ ಕುಳಿತ ಗುರುಗಳಿಗೆ ಅದೇ ಪಾಠವನ್ನು ಒಪ್ಪಿಸುತ್ತ ಇರುತ್ತಾರೆ. ಒಪ್ಪಿಸುವಿಕೆ ಮೇಲಾಗಿ ಮಾಡುವಿಕೆ ಹಿಂದೆ ಸರಿದರೆ ಆ ಪಾಠದಿಂದ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ‘ಪರಿಶೀಲನೆ’ ಎಂಬ ಹೆಸರು ಒಪ್ಪಿಸುವ ಕಡೆಗೇ ತಕ್ಕಡಿಯನ್ನು ತೂಗಿಸುತ್ತದೆ ಎಂಬುದೇ ನನ್ನ ಆಕ್ಷೇಪ.

ಹಾಗಾದರೆ ಯಾವ ಪದ? ಕರ್ನಾಟಕದಲ್ಲಿ ‘ಬೋಧನಾಭ್ಯಾಸ’, ‘ಅಭ್ಯಾಸ ಬೋಧನೆ’, ‘ಅಭ್ಯಾಸ ಪಾಠ’ ಎಂಬ ಮೂರೂ ಬಳಕೆಯಲ್ಲಿವೆ, ಮತ್ತು ಹೆಚ್ಚಿನವರು ಇವನ್ನು ಒಂದೇ ಎಂದು ಎಣಿಸುತ್ತಾರೆ. ಸಮಾಸವನ್ನು ಬಿಡಿಸಿದರೆ ಅವು ಒಂದೇ ಅಲ್ಲ. ‘ಬೋಧನಾಭ್ಯಾಸ’ವು ಬೋಧನೆಯ ಅಭ್ಯಾಸ, ಅದರಲ್ಲಿ ಉತ್ತರಪದವಾದ ಅಭ್ಯಾಸವೇ ಪ್ರಧಾನ, ಕಲಿಯುವವರು ಅಧ್ಯಾಪಕ ವಿದ್ಯಾರ್ಥಿಗಳು. ‘ಅಭ್ಯಾಸ ಬೋಧನೆ’ಯು ಅಭ್ಯಾಸಕ್ಕಾಗಿ ಮಾಡುವ ಬೋಧನೆ, ಅಲ್ಲಿ ಬೋಧನೆಯೇ ಅಭ್ಯಾಸದ ಸಾಮಗ್ರಿಯಾಗಿ, ಎದುರಿನ ಮಕ್ಕಳು ಆ ಸಾಮಗ್ರಿಯ ಭಾಗವಾಗಿಬಿಡುವ ಅಪಾಯವಿದೆ. ‘ಅಭ್ಯಾಸ ಪಾಠ’ದ ತೊಡಕು ಬೇರೆಯದು. ಪಠ್ಯಪುಸ್ತಕದಲ್ಲಿ ಪಾಠ ಮುಗಿದ ಮೇಲೆ ‘ಅಭ್ಯಾಸ’ ಎಂಬ ತಲೆಬರಹದಡಿಯಲ್ಲಿ ಪ್ರಶ್ನೆಗಳಿರುವುದರಿಂದ ಮಕ್ಕಳಿಗೆ ಅದು ಹಾಗೆಯೇ ಕೇಳುತ್ತದೆ. ಗಡಿಯಲ್ಲಿರುವ ನಾವು ಇನ್ನೊಂದನ್ನೂ ಗಮನಿಸಬೇಕು: ಮಲಯಾಳದ ‘ಅಭ್ಯಾಸಂ’ ಕಳರಿಯ ಮೈಕಸರತ್ತಿಗೂ ಸಲ್ಲುವ ಪದ. ಆದರೂ ‘ವಿದ್ಯಾಭ್ಯಾಸ’ ಎರಡೂ ಭಾಷೆಗಳಲ್ಲಿ ಒಂದೇ ಅರ್ಥದಲ್ಲಿರುವುದರಿಂದ, ‘ಬೋಧನಾಭ್ಯಾಸ’ವು ಎರಡೂ ಕಡೆಯವರಿಗೆ ತಪ್ಪಿಲ್ಲದೆ ತಲುಪುತ್ತದೆ ಎಂದು ನನ್ನ ನಂಬಿಕೆ.

‘ಪ್ರಶಿಕ್ಷಣ’ವು ಹಿಂದಿಯಲ್ಲಿ ನೆಲೆಯೂರಿದ ಪದ, ಇಡೀ ತರಬೇತಿಗೆ ಅದು ಸಲ್ಲಬಹುದು, ತರಗತಿಯೊಳಗಿನ ಈ ಒಂದು ಭಾಗಕ್ಕೆ ಸಾಲದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಎರಡು ವರ್ಷದ ಬಿ.ಎಡ್.ನಲ್ಲಿ ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ, ಹೀಗೆ ಕನಿಷ್ಠ 20 ವಾರಗಳನ್ನು ಶಾಲೆಯ ಒಡನಾಟಕ್ಕೆ ಮೀಸಲಿಟ್ಟ ಮೇಲೆ ‘ಇಂಟರ್ನ್‌ಶಿಪ್’ ಎಂಬ ಮಾತೇ ಎಲ್ಲರ ಬಾಯಲ್ಲಿದೆ. ಶಾಲೆಯಲ್ಲಿ ಕಳೆಯುವ ಅಷ್ಟೂ ಅವಧಿಗೆ ಅದು ಇರಲಿ. ಅದರೊಳಗೆ ಪಾಠ ಮಾಡುವ, ನೋಡಿಸಿಕೊಳ್ಳುವ, ತಿದ್ದಿಸಿಕೊಳ್ಳುವ ಕೆಲಸಕ್ಕೆ ಬೇರೆ ಹೆಸರು ಬೇಕೇ ಬೇಕು.

ಉಳಿದದ್ದು ‘ಮೇಲ್ನೋಟ’ದ ಬದಲಿಗೆ ಏನು ಎಂಬುದು. ‘ಮೇಲ್ವಿಚಾರಣೆ’ ನೆಲೆಗೊಂಡ ಪದ, ಅದನ್ನು ಒಪ್ಪುತ್ತೇನೆ. ಆದರೆ ಅದರೊಳಗಿನ ‘ವಿಚಾರಣೆ’ಯು ಠಾಣೆ ಮತ್ತು ನ್ಯಾಯಾಲಯಗಳನ್ನು ನೆನಪಿಗೆ ತರುತ್ತದೆ. ನಮ್ಮ ಸೀಮೆಯ ಯಕ್ಷಗಾನದಲ್ಲಿ ಇದಕ್ಕೆ ಹತ್ತಿರದ ಕ್ರಮವೊಂದಿದೆ. ಪಾರ್ತಿಸುಬ್ಬನ ನಾಡಾದ ಈ ಕಡೆಯ ತೆಂಕುತಿಟ್ಟಿನ ಆಟದಲ್ಲಿ ಹೊಸಬರು ಮೊದಲು ಗೆಜ್ಜೆ ಕಟ್ಟುವುದು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಗೆ. ರಂಗಸ್ಥಳ ನಿಜವಾದದ್ದು, ಎದುರಿನ ಪ್ರೇಕ್ಷಕರು ನಿಜವಾದವರು, ಹೆಜ್ಜೆ ತಪ್ಪಿದರೆ ಎತ್ತಿಕೊಳ್ಳಲು ಹಿಂದೆ ಭಾಗವತರೂ ಚೆಂಡೆ ಮದ್ದಳೆಯವರೂ ಇದ್ದಾರೆ. ಅಲ್ಲಿ ಭಾಗವತರು ಮಾಡುವ ಕೆಲಸಕ್ಕೆ ವಿಚಾರಣೆ ಎನ್ನುವುದಿಲ್ಲ, ‘ಆಡಿಸುವುದು’ ಎನ್ನುತ್ತೇವೆ. ‘ಆಡು’ವಿನಿಂದ ‘ಆಡಿಸು’ ಬಂದಂತೆ ‘ಕಲಿ’ಯಿಂದ ‘ಕಲಿಸು’ ಬಂದಿದೆ. ಇದರ ಬೆಳಕಿನಲ್ಲಿ ‘ಮಾರ್ಗದರ್ಶನದ ಬೋಧನಾಭ್ಯಾಸ’ ಎಂಬುದನ್ನು ನಾನು ಸದ್ಯಕ್ಕೆ ಬರೆಯುತ್ತಿದ್ದೇನೆ. ಅಂಕ ಹಾಕುವ ಅಧಿಕಾರ ಆ ಪದದಲ್ಲಿ ಮಸುಕಾಗುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ, ಮತ್ತು ಅವರ ಮಾತಿನಲ್ಲಿ ಹುರುಳಿದೆ.

ತಿಳಿದವರಲ್ಲಿ ಎರಡು ವಿಷಯ ಕೇಳುತ್ತೇನೆ. 1956ರ ನವೆಂಬರ್ 1ಕ್ಕೆ ಮೊದಲು, ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ, ತರಬೇತಿ ಪಡೆದ ಹಿರಿಯ ಮಾಸ್ಟ್ರುಗಳ ಪಾಠ ಟಿಪ್ಪಣಿಗಳಲ್ಲೋ ಶಾಲೆಯ ಹಳೆಯ ಕಡತಗಳಲ್ಲೋ ಇದಕ್ಕೆ ಯಾವ ಕನ್ನಡ ಪದ ಕಂಡಿದೆ? ನಮ್ಮ ಮನೆಯ ಹಿರಿಯರು ‘ಟ್ರೈನಿಂಗಿನಲ್ಲಿ ಪಾಠ ಕೊಡುವುದು’ ಎನ್ನುತ್ತಿದ್ದುದಷ್ಟೇ ನನ್ನ ನೆನಪಿನಲ್ಲಿದೆ. ಹಾಗೆಯೇ, ಅಕ್ಕಲಕೋಟೆ, ಜತ್ತ ಮೊದಲಾದ ಗಡಿಭಾಗಗಳ ಕನ್ನಡ ಶಾಲೆಗಳಲ್ಲಿ ಮರಾಠಿ ಸುತ್ತೋಲೆಗಳಿಂದ ಇಂಥ ವೇಷ ಬದಲಿಸಿದ ಪದಗಳು ಬಂದಿವೆಯೇ? ಮುಂದಿನ ತಂಡ ಬರುವ ಮೊದಲು ನಮ್ಮ ಫಲಕದ ಬರಹವನ್ನು ತಿದ್ದಬೇಕಾಗಿದೆ. ಅದಕ್ಕಾಗಿ ಈ ವಿಚಾರಣೆ.