ಅಪ್ಪ ಅಮ್ಮನ ಆರೋಗ್ಯ ವಿಮೆ ಬದಲಿಸಬೇಕಾ? ನಮ್ಮ ಜಿಲ್ಲೆಯವರ ಅನುಭವ ಬೇಕು

ಕುಮಟಾದಿಂದ ಕೇಳುತ್ತಿದ್ದೇನೆ. ಅಪ್ಪನಿಗೆ 63, ಶುಗರ್ ಇದೆ. ಅಮ್ಮನಿಗೆ 58. ಇಬ್ಬರಿಗೂ ಸೇರಿ 5 ಲಕ್ಷದ ಪಾಲಿಸಿ, ಆರು ವರ್ಷದಿಂದ ಒಂದೇ ಕಂಪನಿ. ಕಳೆದ ಆಗಸ್ಟ್‌ನಲ್ಲಿ 38 ಸಾವಿರ ಕಟ್ಟಿದ್ದೆವು. ಈ ಆಗಸ್ಟ್‌ಗೆ 41 ಸಾವಿರ ಅಂತಿದ್ದಾರೆ. ಬೇರೆ ಕಂಪನಿಯ ಏಜೆಂಟ್ ಒಬ್ಬ 29 ಸಾವಿರಕ್ಕೆ ಹೊಸ ಪಾಲಿಸಿ ಕೊಡಿಸುತ್ತೇನೆ ಎಂದು ಬೆನ್ನು ಬಿದ್ದಿದ್ದಾನೆ. ಬದಲಿಸಿದವರು ಯಾರಾದರೂ ಇದ್ದೀರಾ?

ಕಾರವಾರ, ನಿವೃತ್ತ ಬ್ಯಾಂಕ್ ನೌಕರ:
ತಂಗಿ, ಮೂರೇ ಸಾವಿರ ಏರಿದೆ ಎಂದುಕೊಳ್ಳಬೇಡ. ಕಳೆದ ಆಗಸ್ಟ್‌ನ 38 ಸಾವಿರದಲ್ಲಿ 18% ಜಿಎಸ್‌ಟಿ ಸೇರಿತ್ತು. ಅದನ್ನು ತೆಗೆದರೆ ಅಸಲು ಪ್ರೀಮಿಯಂ ಸುಮಾರು 32,200. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ತೆರಿಗೆಯೇ ಇಲ್ಲ. ಅಂದರೆ ಈಗಿನ 41 ಪೂರ್ತಿ ಕಂಪನಿಯದ್ದೇ. ಏರಿಕೆ ಕಾಲು ಭಾಗಕ್ಕಿಂತ ಜಾಸ್ತಿ ಆಯ್ತಲ್ಲ! ಸರ್ಕಾರ ಬಿಟ್ಟ ತೆರಿಗೆ ಎಲ್ಲಿ ಹೋಯಿತು ನೋಡು.

60 ದಾಟಿದವರ ಪ್ರೀಮಿಯಂ ವರ್ಷಕ್ಕೆ 10%ಗಿಂತ ಹೆಚ್ಚಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜತೆ ಮಾತಾಡಬೇಕು. 2025ರ ಜನವರಿಯ ಆದೇಶ ಇದು. ಆದ್ದರಿಂದ ಮೇಲ್ ಹಾಕಿ ಕೇಳು: ದರವೇ ಏರಿದ್ದಾ, ಅಥವಾ ವಯಸ್ಸಿನ ಸ್ಲ್ಯಾಬ್ ಬದಲಾಗಿದ್ದಾ? ಫೋನ್‌ನಲ್ಲಿ ಕೇಳಿದರೆ ಸುಮ್ನೆ ಏನೋ ಒಂದು ಹೇಳಿ ಕಳಿಸುತ್ತಾರೆ.

ಹೊಸ ಪಾಲಿಸಿ ಮಾತ್ರ ಮಾಡಿಸಬೇಡ. ಹೋಗುವುದಾದರೆ ಪೋರ್ಟ್ ಮಾಡಿಸು, ಅಂದರೆ ಹಳೆಯ ಪಾಲಿಸಿಯ ವರ್ಷಗಳ ಲೆಕ್ಕ ಉಳಿಸಿಕೊಂಡೇ ಬೇರೆ ಕಂಪನಿಗೆ ಹೋಗುವುದು. ಹಳೆಯ ಕಾಯಿಲೆಗೆ ಕಾಯುವ ಅವಧಿ (ಅಲ್ಲಿಯ ತನಕ ಅದಕ್ಕೆ ಕ್ಲೇಮ್ ಇಲ್ಲ) ಈಗ ಹೆಚ್ಚೆಂದರೆ ಮೂರು ವರ್ಷ, ನಿಮ್ಮದು ಮುಗಿದಿದೆ. ಐದು ವರ್ಷ ಆದ ಮೇಲೆ ‘ಶುಗರ್ ಮುಚ್ಚಿಟ್ಟಿದ್ದಿರಿ’ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಬೇರೆ. ಪೋರ್ಟ್ ಮಾಡಿದರೆ ಹಳೆಯ 5 ಲಕ್ಷದ ಮಟ್ಟಿಗೆ ಇದೆಲ್ಲ ಜತೆಗೇ ಬರುತ್ತದೆ. ಹೊಸದಾದರೆ ಮೊದಲಿನಿಂದ ಎಣಿಕೆ.

ಶಿರಸಿ, ಅಡಿಕೆ ತೋಟ:
ಪ್ರಾಥಮಿಕ ಸಹಕಾರಿ ಸೊಸೈಟಿಯಲ್ಲಿ ಅಪ್ಪನ ಸದಸ್ಯತ್ವ ಇದೆಯಾ ನೋಡಿ. ಇದ್ದರೆ ಸಹಕಾರಿ ಸದಸ್ಯರಿಗೆ ಇರುವ ಸರ್ಕಾರದ ಆರೋಗ್ಯ ಯೋಜನೆ ಯಶಸ್ವಿನಿ ಮಾಡಿಸಿ. ಹಳ್ಳಿ ಕಡೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100. ವರ್ಷಕ್ಕೆ 5 ಲಕ್ಷದವರೆಗೆ. 2018ರಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದ ಯೋಜನೆ. ಜನರಲ್ ವಾರ್ಡ್ ಮಾತ್ರ, ಪಟ್ಟಿಯಲ್ಲಿದ್ದ ಚಿಕಿತ್ಸೆ ಮಾತ್ರ. ನೋಂದಣಿಗೆ ದಿನ ಗೊತ್ತುಮಾಡುತ್ತಾರೆ, ಸೊಸೈಟಿ ಕಾರ್ಯದರ್ಶಿಗೆ ಹೇಳಿಟ್ಟಿರಿ.

ಎಪಿಎಲ್ ಆದರೂ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ಯಾಕೇಜ್ ದರದ 30% ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ಹುಬ್ಬಳ್ಳಿಗೆ ಹೋಗಿ ನಿಂತರೆ ತಿರುಗಿ ಬರಬೇಕಾಗುತ್ತದೆ.

ಹೊನ್ನಾವರ, ಆಸ್ಪತ್ರೆಯ ವಿಮೆ ಕೌಂಟರ್‌ನಲ್ಲಿ ಕೆಲಸ:
ಎಲ್ಲರೂ ಕಂಪನಿಯಿಂದ ಶುರು ಮಾಡುತ್ತಾರೆ. ನಮ್ಮ ಜಿಲ್ಲೆಯವರು ಆಸ್ಪತ್ರೆಯಿಂದ ಶುರು ಮಾಡಬೇಕು. ಬೆಂಗಳೂರಿನವರಿಗೆ ಒಂದು ಆಸ್ಪತ್ರೆ ವಿಮೆ ಕಂಪನಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದಿದೆ. ನಮಗೆ ಹೃದಯಕ್ಕೋ ತಲೆಗೋ ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಅಷ್ಟೇ. ಹತ್ತು ಸಾವಿರ ಆಸ್ಪತ್ರೆಗಳ ಪಟ್ಟಿ ಇದೆ ಎಂದು ಏಜೆಂಟ್ ಹೇಳಿದರೆ ನಿಮಗೆ ಬೇಕಾದ ನಾಲ್ಕು ಅದರಲ್ಲಿವೆಯಾ ನೋಡಿ. ಪಟ್ಟಿಯನ್ನೂ ನಂಬಬೇಡಿ. ಆಸ್ಪತ್ರೆಗೇ ಫೋನ್ ಮಾಡಿ ‘ಈ ಕಂಪನಿಯ ಕ್ಯಾಶ್‌ಲೆಸ್ ಈಗ ನಡೀತಿದೆಯಾ’ ಎಂದು ಕೇಳಿ, ಅಂದರೆ ಬಿಲ್ ಅನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುತ್ತದೆಯಾ ಎಂದು. ದರದ ಜಗಳದಲ್ಲಿ ಒಪ್ಪಂದ ನಿಂತಿರುತ್ತದೆ, ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ.

ಇನ್ನೊಂದು, ರೂಮ್ ಬಾಡಿಗೆ. ಪಾಲಿಸಿಯಲ್ಲಿ ರೂಮ್ ಮಿತಿ 5 ಲಕ್ಷಕ್ಕೆ 1% ಎಂದಿದ್ದರೆ ದಿನಕ್ಕೆ 5 ಸಾವಿರ. ನೀವು 8 ಸಾವಿರದ ರೂಮ್ ತೆಗೆದುಕೊಂಡರೆ ಬರೀ 3 ಸಾವಿರ ಕೈಯಿಂದ ಹೋಗುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಡಾಕ್ಟರ್ ಫೀಸು, ಆಪರೇಷನ್ ಚಾರ್ಜ್ ಎಲ್ಲವನ್ನೂ ಕಂಪನಿ ಎಂಟರಲ್ಲಿ ಐದು ಪಾಲು ಮಾತ್ರ ಕೊಡಬಹುದು. ಔಷಧಿ, ಸ್ಟೆಂಟ್‌ನಂಥವಕ್ಕೆ ಈ ಕಡಿತ ಹಾಕುವಂತಿಲ್ಲ. ಡಿಸ್ಚಾರ್ಜ್ ದಿನ ನಮ್ಮ ಕೌಂಟರ್ ಮುಂದೆ ಆಗುವ ಜಗಳ ಹೆಚ್ಚಿನವು ಇದೇ.

29 ಸಾವಿರದ್ದರಲ್ಲಿ ಕೋ‌-ಪೇ (ಪ್ರತಿ ಕ್ಲೇಮ್‌ನಲ್ಲಿ ನಾವೇ ಕಟ್ಟಬೇಕಾದ ಪಾಲು) ಎಷ್ಟು ಕೇಳಿ. ಕಡಿಮೆ ದರಕ್ಕೆ ಅದೇ ಕಾರಣ ಇರಬೇಕು.

ಕಾರವಾರ, ಸದಾಶಿವಗಡ:
ಎರಡೂ ದಿಕ್ಕಿಗೆ ಒಂದೊಂದು ಆಸ್ಪತ್ರೆ ನೋಡಿಟ್ಟುಕೊಳ್ಳಿ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್. ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಮಳೆಗಾಲದಲ್ಲಿ ಆಂಬ್ಯುಲೆನ್ಸ್ ಯಾವ ಕಡೆ ಹೋಗುತ್ತದೋ ಅದೇ ನಿಮ್ಮ ಆಸ್ಪತ್ರೆ.

ಅಂಕೋಲಾ:
ಅಮ್ಮನ ಕ್ಲೇಮ್ ಒಂದನ್ನು ‘ಅಡ್ಮಿಟ್ ಆಗುವ ಅಗತ್ಯವಿರಲಿಲ್ಲ’ ಎಂದು ತಿರಸ್ಕರಿಸಿದ್ದರು. ಕಂಪನಿಗೆ ಲಿಖಿತ ದೂರು ಕೊಟ್ಟೆವು, ಡಾಕ್ಟರ್ ಪತ್ರ ಸೇರಿಸಿ ವಿಮೆ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹಾಕಿದೆವು. ಖರ್ಚಿಲ್ಲ, ವಕೀಲರೂ ಬೇಡ. ಹಣ ಬಂತು. ಏಜೆಂಟ್ ಮಾತ್ರ ಅಷ್ಟೂ ಕಾಲ ಫೋನ್ ಎತ್ತಲಿಲ್ಲ.

ಕೇಳಿದವರು:
ಎಲ್ಲರಿಗೂ ಉಪಕಾರ ಆಯ್ತು. 29 ಸಾವಿರದ ಪಾಲಿಸಿಯಲ್ಲಿ 20% ಕೋ-ಪೇ ಇದೆ, ಏಜೆಂಟ್ ಒಪ್ಪಿಕೊಂಡ. ಸರ್ಕಾರಿ ಕಂಪನಿಗೆ ಪೋರ್ಟ್ ಆಗುವುದು ಒಳ್ಳೆಯದಾ ಅಂಕಲ್? ಕ್ಲೇಮ್ ಜಾಸ್ತಿ ಕೊಡುತ್ತಾರಂತೆ.

ನಿವೃತ್ತ ಬ್ಯಾಂಕ್ ನೌಕರ:
ಕೊಡುತ್ತಾರೆ. 2023-24ರಲ್ಲಿ ಬರೀ ಆರೋಗ್ಯ ವಿಮೆ ಮಾಡುವ ಕಂಪನಿಗಳು 100 ರೂಪಾಯಿ ಪ್ರೀಮಿಯಂಗೆ ಸುಮಾರು 65 ರೂಪಾಯಿ ಕ್ಲೇಮ್ ಕೊಟ್ಟಿದ್ದವು. ಸರ್ಕಾರಿ ಕಂಪನಿಗಳದ್ದು 100 ದಾಟಿತ್ತು. ಆದರೆ ಅದರಲ್ಲಿ ಆಫೀಸುಗಳ ಗುಂಪು ಪಾಲಿಸಿಯೂ ಸೇರಿದೆ, ಬಂದದ್ದಕ್ಕಿಂತ ಜಾಸ್ತಿ ಕೊಡುವವರು ಒಂದು ದಿನ ದರ ಏರಿಸಲೇಬೇಕು. ಹೊನ್ನಾವರದವರು ಹೇಳಿದಂತೆ ಮೊದಲು ಆಸ್ಪತ್ರೆಗೆ ಫೋನ್ ಮಾಡು. ಶುಗರ್ ನೋಡಿ ಹೊಸ ಕಂಪನಿ ಬೇಡ ಎನ್ನಲೂಬಹುದು, ಹಾಗಾಗಿ ಒಪ್ಪಿಗೆ ಕೈಗೆ ಬರುವ ತನಕ ಹಳೆಯದನ್ನು ಬಿಡಬೇಡ. ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹೋಗಿರಲಿ. ನಿಮ್ಮ ರಿನ್ಯೂವಲ್ ತಾರೀಕಿನಿಂದ ಹಿಂದಕ್ಕೆ ಎಣಿಸಿ ದಿನ ಇಟ್ಟುಕೋ.