ಎಂಟು ಜನ, ಎರಡು ದಿನ, ವಿಟ್ಬಿ: ಹೋಗಿ ಬಂದವರು ಹೇಳುವುದು

ಕೇಳಿದವರು: ಚಿಂತಾಮಣಿಯ ವಿದ್ಯಾರ್ಥಿನಿ

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಮೇ ತಿಂಗಳ ಕೊನೆಯ ಶನಿವಾರ ಮತ್ತು ಭಾನುವಾರ ಎಂಟು ಜನ ಸಹಪಾಠಿಗಳು ಸೇರಿ ವಿಟ್ಬಿ ಎಂಬ ಕಡಲೂರಿಗೆ ಹೋಗಬೇಕೆಂದಿದ್ದೇವೆ. ನಮ್ಮಲ್ಲಿ ಮೂವರು ಸಸ್ಯಾಹಾರಿಗಳು. ಇಬ್ಬರು ಈವರೆಗೆ ಸಮುದ್ರವನ್ನು ನೋಡಿಯೇ ಇಲ್ಲ. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ಓದಿ ಬಂದವರು ಸುರಕ್ಷತೆ, ಊಟ ಮತ್ತು ಖರ್ಚಿನ ಬಗ್ಗೆ ತಿಳಿಸಿದರೆ ಉಪಕಾರವಾಗುತ್ತದೆ.

ತುಮಕೂರಿನ ಉಪನ್ಯಾಸಕರೊಬ್ಬರು

ತಂಗಿ, 2023ರ ಮೇ ತಿಂಗಳಲ್ಲಿ ನಾನು ಇದೇ ಲೀಡ್ಸ್‌ನಿಂದ ಇದೇ ವಿಟ್ಬಿಗೆ ಐವರು ಗೆಳೆಯರೊಂದಿಗೆ ಹೋಗಿದ್ದೆ. ಕೊಠಡಿ ಕಾಯ್ದಿರಿಸುವುದಕ್ಕೂ ಮೊದಲು ಆ ಎರಡು ದಿನ ಸಮುದ್ರದ ಉಬ್ಬರ ಮತ್ತು ಇಳಿತ ಎಷ್ಟು ಹೊತ್ತಿಗೆ ಎಂಬುದನ್ನು ನೋಡಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾವು ಈ ಕೆಲಸ ಮಾಡಿರಲಿಲ್ಲ. ಊರಿನ ಪೂರ್ವದ ಬಂಡೆಗೋಡೆಯ ಕೆಳಗೆ, ಸಾಲ್ಟ್‌ವಿಕ್ ಕೊಲ್ಲಿಯ ಕಡೆಗೆ, ನೀರು ಸರಿದಾಗ ಕಪ್ಪು ಕಲ್ಲಿನ ಹಾಸು ತೆರೆದುಕೊಳ್ಳುತ್ತದೆ. ಅದರಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಅಮೊನೈಟ್ ಪಳೆಯುಳಿಕೆಗಳು ಸಿಗುತ್ತವೆ. ಅವನ್ನು ಹುಡುಕುತ್ತ ಮುಂದೆ ಮುಂದೆ ಹೋದ ನಮ್ಮನ್ನು, ನಾಯಿಯೊಂದಿಗೆ ವಾಪಸು ಬರುತ್ತಿದ್ದ ಮುದುಕರೊಬ್ಬರು ಕೂಗಿ ಹಿಂದಕ್ಕೆ ಕರೆದರು. ನಾವು ತಿರುಗಿ ಬರುವಷ್ಟರಲ್ಲಿ, ಹೋಗುವಾಗ ಶೂ ದಾರ ಕಟ್ಟಿಕೊಳ್ಳಲು ಕುಳಿತಿದ್ದ ಕಲ್ಲು ನೀರಿನೊಳಗಿತ್ತು. ಮೊಣಕಾಲುದ್ದ ನೀರಿನಲ್ಲಿ, ಪಾಚಿಯ ಮೇಲೆ ಜಾರುತ್ತ, ಒಬ್ಬರ ಕೈ ಒಬ್ಬರು ಹಿಡಿದು ದಾಟಿದೆವು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಮುಂದೆ ನೀರು, ಹಿಂದೆ ಕುಸಿಯುವ ಗೋಡೆ. ಮೇಲೆ ಹತ್ತಲು ದಾರಿಯಿಲ್ಲ.

ನಾವು ಬಲ್ಲ ನೀರು ಕೆರೆಯ ನೀರು. ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುವ ಆ ನೀರನ್ನು ನೋಡಿ ಬೆಳೆದವರಿಗೆ, ದಿನಕ್ಕೆ ಎರಡು ಸಲ ಏರುವ ನೀರು ಪಾಠದಲ್ಲಿ ಓದಿದ ಸಂಗತಿಯಾಗಿಯೇ ಉಳಿದಿರುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಮರುದಿನದ ವೇಳೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ; ಆದ್ದರಿಂದ ಶನಿವಾರದ ಲೆಕ್ಕವನ್ನು ಭಾನುವಾರಕ್ಕೆ ಬಳಸಬೇಡಿ.

ಈಜಿನ ವಿಷಯದಲ್ಲೂ ಅಷ್ಟೇ. ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು ನಾನು, ಆ ಧೈರ್ಯದಲ್ಲಿಯೇ ಇಳಿದೆ. ಮೇ ತಿಂಗಳಲ್ಲಿ ಉತ್ತರ ಸಮುದ್ರದ ನೀರು ಸುಮಾರು 10 ಡಿಗ್ರಿಯಷ್ಟಿರುತ್ತದೆ. ಎದೆಮಟ್ಟಕ್ಕೆ ಬಂದೊಡನೆ ಉಸಿರು ಸಿಕ್ಕಿಕೊಂಡು, ಕೈಕಾಲು ಬಡಿಯುವುದೇ ಮರೆತುಹೋಯಿತು. ಹಾಗೆ ಆದಾಗ ಈಜಲು ಹೋಗದೆ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಅಂಗಾತ ತೇಲುತ್ತ ಉಸಿರು ಹಿಡಿತಕ್ಕೆ ಬರುವವರೆಗೆ ಕಾಯಬೇಕೆಂದು ಅಲ್ಲಿನ ಜೀವರಕ್ಷಕರು ಹೇಳುತ್ತಾರೆ. ಅವರು ಕಾವಲಿರುವ ದಿನಗಳಲ್ಲಿ ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಸಮುದ್ರ ನೋಡದ ಆ ಇಬ್ಬರು ಪಾದ ತೋಯಿಸಿಕೊಂಡರೆ ಸಾಕು. ಅವಘಡವಾದರೆ 999ಕ್ಕೆ ಕರೆ ಮಾಡಿ, ಕೋಸ್ಟ್‌ಗಾರ್ಡ್ ಬೇಕೆಂದು ಹೇಳಬೇಕು, ಪೊಲೀಸರನ್ನಲ್ಲ.

ಕೋಲಾರದ ಗೃಹಿಣಿಯೊಬ್ಬರು

ನಾನು ಓದಿದ್ದು ಯಾರ್ಕ್‌ನಲ್ಲಿ. ಮೂವರು ಸಸ್ಯಾಹಾರಿಗಳು ಎಂದಿದ್ದೀರಿ, ಆದ್ದರಿಂದ ಬರೆಯುತ್ತಿದ್ದೇನೆ. ವಿಟ್ಬಿಯಲ್ಲಿ ಬೀದಿ ಬೀದಿಗೂ ಮೀನು ಮತ್ತು ಚಿಪ್ಸ್ ಅಂಗಡಿಗಳಿವೆ. ಮೀನು ಬೇಡ, ಆಲೂಗಡ್ಡೆ ಚಿಪ್ಸ್ ತಿಂದರಾಯಿತು ಎಂದುಕೊಳ್ಳುವುದು ಸಹಜ. ಆದರೆ ವಿಟ್ಬಿ ಇರುವ ಯಾರ್ಕ್‌ಷೈರ್ ಸೀಮೆಯಲ್ಲಿ ಚಿಪ್ಸ್ ಕರಿಯುವುದು ಹಲವೆಡೆ ದನದ ಕೊಬ್ಬಿನಲ್ಲಿ. ಅದನ್ನು ಅವರು ಬಚ್ಚಿಡುವುದಿಲ್ಲ, ಹೆಮ್ಮೆಯಿಂದಲೇ ಫಲಕದಲ್ಲಿ ಬರೆದಿರುತ್ತಾರೆ. ನಾವು ಓದಿರುವುದಿಲ್ಲ, ಅಷ್ಟೇ. ನಾನು ಅರ್ಧ ಪೊಟ್ಟಣ ಮುಗಿಸಿದ ಮೇಲೆ ಓದಿದೆ. ಅಡುಗೆ ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೊಳ್ಳುವ ಮೊದಲು ಕೇಳಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಜೊತೆಗಿದ್ದರೆ ಒಂದು ದಿನ ನಿಶ್ಚಿಂತೆಯಿಂದ ಕಳೆಯುತ್ತದೆ. ದಡದಲ್ಲಿ ಕುಳಿತು ತಿನ್ನುವಾಗ ಬೆನ್ನಿಗೆ ಗೋಡೆಯಿರಲಿ: ಸೀಗಲ್ ಹಕ್ಕಿಗಳು ಹಿಂದಿನಿಂದ ಬಂದು ಕೈಯಲ್ಲಿರುವುದನ್ನೇ ಕಿತ್ತೊಯ್ಯುತ್ತವೆ, ಮತ್ತು ಅವು ನಮ್ಮ ಕಾಗೆಗಿಂತ ಬಹಳ ದೊಡ್ಡವು.

ಪಾಳುಬಿದ್ದ ಅಬ್ಬೆ (ಹಳೆಯ ಕ್ರೈಸ್ತ ಮಠ) ಇರುವ ಗುಡ್ಡಕ್ಕೆ 199 ಮೆಟ್ಟಿಲುಗಳಿವೆ. ಅಂತರಗಂಗೆ ಹತ್ತಿದವರಿಗೆ ಅದೇನೂ ಕಷ್ಟವಲ್ಲ, ಆದರೆ ಗಾಳಿ ಬಲವಾಗಿರುತ್ತದೆ. ಕಿವಿ ಮುಚ್ಚುವ ಟೋಪಿ ಇರಲಿ.

ಶಿರಾದವರು, ಈಗಲೂ ಲೀಡ್ಸ್‌ನಲ್ಲಿದ್ದೇನೆ

ಲೀಡ್ಸ್‌ನಿಂದ ಯಾರ್ಕ್, ಮಾಲ್ಟನ್, ಪಿಕರಿಂಗ್ ಮಾರ್ಗವಾಗಿ ಹೋಗುವ 840 ಸಂಖ್ಯೆಯ ಬಸ್ಸು ಸುಮಾರು ಮೂರೂವರೆ ಗಂಟೆ ತೆಗೆದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಬಸ್ಸಿನ ಒಂದು ಪ್ರಯಾಣಕ್ಕೆ 2023ರಲ್ಲಿ 2 ಪೌಂಡ್ ಮಿತಿಯಿತ್ತು, 2025ರ ಜನವರಿಯಿಂದ 3 ಪೌಂಡ್ ಆಗಿದೆ. ಹಾಗಾಗಿ ಎಂಟು ಜನರ ಹೋಗಿಬರುವ ಖರ್ಚು 48 ಪೌಂಡ್. ರೈಲಿನ ಯೋಚನೆಯೇ ಬೇಡ. ಹಣವನ್ನು ಹೊರಡುವ ಮೊದಲೇ ಒಬ್ಬರ ಬಳಿ ಕೂಡಿಡಿ. ನಾವು ಬಂದ ಮೇಲೆ ಹಂಚಿಕೊಳ್ಳೋಣ ಎಂದುಕೊಂಡು, ಹನ್ನೊಂದು ಪೌಂಡಿನ ಸಲುವಾಗಿ ಒಂದೇ ಮನೆಯಲ್ಲಿದ್ದ ಇಬ್ಬರು ಎರಡು ವಾರ ಮಾತು ಬಿಟ್ಟಿದ್ದರು.

ಬೆಳಕನ್ನು ನಂಬಬೇಡಿ. ಮೇ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ, ಆದರೆ ಲೀಡ್ಸ್ ಕಡೆಯ ಕೊನೆಯ ಬಸ್ಸು ಅದಕ್ಕೆ ಬಹಳ ಮೊದಲೇ ಹೊರಟಿರುತ್ತದೆ. ಭಾನುವಾರದ ವೇಳಾಪಟ್ಟಿಯೂ ಬೇರೆ. ಕೊನೆಯದಕ್ಕಲ್ಲ, ಅದರ ಹಿಂದಿನ ಬಸ್ಸಿಗೆ ಹೊರಡಿ.

ತುಮಕೂರಿನವರೇ, ಮತ್ತೆ

ಒಂದು ಮಾತು ಬಿಟ್ಟಿದ್ದೆ. ವಿಟ್ಬಿ ಬಿಟ್ಟು ಪಿಕರಿಂಗ್ ಸೇರುವವರೆಗೆ ರಸ್ತೆ ಬೋಳು ಬಯಲಿನ ಮೇಲೆ ಹೋಗುತ್ತದೆ. ನಮಗೆ ಅಲ್ಲಿ ಬಹಳ ದೂರ ಮೊಬೈಲ್ ಸಿಗ್ನಲ್ ಸಿಗಲಿಲ್ಲ. ನೀವು ಸಂಜೆ ಐದಕ್ಕೆ ಬಸ್ಸು ಹತ್ತಿದರೆ ಚಿಂತಾಮಣಿಯಲ್ಲಿ ರಾತ್ರಿ ಒಂಬತ್ತೂವರೆ. ಹತ್ತುವ ಮೊದಲೇ ಅಮ್ಮನಿಗೆ ಕರೆ ಮಾಡಿ, ಮುಂದಿನ ಕರೆ ಯಾರ್ಕ್‌ನಿಂದ ಎಂದು ಹೇಳಿಬಿಡಿ. ನಮ್ಮಮ್ಮ ಆ ರಾತ್ರಿ ಪಕ್ಕದ ಮನೆಯವರನ್ನೆಲ್ಲ ಎಬ್ಬಿಸಿದ್ದರು.